ಓದಲು ಮಾತ್ರ

ರುವಿಯ ಹಿಂದಿನ ಗಲ್ಲಿ, ಶುಕ್ರವಾರ, ಜುಮ್ಮಾ ಮುಗಿದ ಹೊತ್ತು.
ಟೈಪಿಂಗ್ ಅಂಗಡಿಯ ಗಾಜಿಗೆ ಬಿಸಿಲು ಹಣೆಯೊತ್ತಿ ನಿಂತಿದೆ.
ಒಳಗೆ ನಾನು, ಗೊರಕೆ ಹೊಡೆಯುವ ಏಸಿ, ಒಂದು ಹಳೆಯ ಕಂಪ್ಯೂಟರು,
ಅದರೊಳಗೆ ಪುಕ್ಕಟೆ ಸಿಕ್ಕ ಲಿನಕ್ಸು.

ಲೈಸೆನ್ಸಿಗೆ ದುಡ್ಡು ಕೇಳಿದಾಗ ಯಜಮಾನ ಹಿಲಾಲ್
ಕೊಳೆತ ಮೀನಿಗೆ ರೇಟು ಹೇಳಿದ ಹಾಗೆ ಮುಖ ತಿರುಗಿಸಿದ್ದ.
ನಾನೇ ಹಾಕಿದೆ. ಭಾಷೆ ಯಾವುದೆಂದು ಅದು ಕೇಳಿತು,
ಕೇಳಿದ್ದಕ್ಕೇ ಸಂತೋಷವಾಗಿ ಕನ್ನಡ ಅಂದೆ.
ಹಿಲಾಲ್ ಪರದೆಗೆ ಬಗ್ಗಿದ; ಮತ್ರಾದ ಬೆಸ್ತರ ಮಗ ಅವನು.
"ಇದೇನು, ಎಲ್ಲ ಗಾಳದ ಕೊಕ್ಕೆ?"
"ಹೌದು ಅರಬಾಬ್, ಸಿಕ್ಕಿಬಿದ್ದರೆ ಬಿಡುವುದಿಲ್ಲ."

ಇಲ್ಲಿಗೆ ಬರುವ ಪೆನ್‌ಡ್ರೈವುಗಳ ಕತೆ ಕೇಳಬೇಡಿ.
ಬೀಗದ ಕೈ ಗೊಂಚಲಲ್ಲಿ, ತಾಯತದ ದಾರದಲ್ಲಿ,
ಪ್ಯಾಂಟಿನ ಜೊತೆ ಎರಡು ಸಲ ಒಗೆಸಿಕೊಂಡು,
ಬಾಯಲ್ಲಿ ಮರಳು ಕಚ್ಚಿಕೊಂಡು ಬರುತ್ತವೆ.
ಉಫ್ ಎಂದು ಊದುತ್ತೇನೆ, ಕೂಸಿನ ಕಣ್ಣಿಗೆ ಊದಿದ ಹಾಗೆ.
ಚುಚ್ಚಿದರೆ ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಎಡಗಡೆ ಮೆಲ್ಲಗೆ ಒಂದು ಚಿತ್ರ ಮೂಡುತ್ತದೆ,
ಬಾಗಿಲ ಸಂದಿಯಲ್ಲಿ ಹೊಸ ನೆಂಟ ತಲೆ ಹಾಕಿದಂತೆ:
ಬರಲಾ?

ಮೂರು ಗಂಟೆಗೆ ಇಮಾಮಸಾಬ ಬಂದ, ಸಿಂದಗಿ ಕಡೆಯವನು,
ನಿಜ್ವಾ ರಸ್ತೆಯಲ್ಲಿ ಬುಲ್ಡೋಜರು ಓಡಿಸುತ್ತಾನೆ.
ನನ್ನ ಕುಂದಾಪ್ರದ ಮಾತು ಮೊದಮೊದಲು
ಅವನಿಗೆ ಅರಬ್ಬಿಯ ಹಾಗೇ ಕೇಳಿಸುತ್ತಿತ್ತಂತೆ.
ತಮ್ಮನ ಮದುವೆಯ ಫೋಟೋ, ನಾನ್ನೂರ ಹನ್ನೆರಡು,
ಊರಿಂದ ಯಾರದೋ ಕೈಲಿ ಬಂದಿದ್ದವು.
ಒಂದೊಂದೇ ನೋಡಿದೆವು. ಅರಿಶಿಣ. ಬಿರಿಯಾನಿಯ ಹಂಡೆ.
ಸೆಹರಾದೊಳಗೆ ಮುಖವೇ ಕಾಣದ ತಮ್ಮ.
ಬಾಡಿಗೆ ಕುರ್ಚಿಯ ಮೇಲೆ ಯಾರದೋ ಬೆಕ್ಕು.

"ಇದ್ರಾಗ ನಂದೊಂದು ಹಾಕ್ರಿ," ಮೊಬೈಲು ಚಾಚಿದ.
ಬುಲ್ಡೋಜರಿನ ಹಲ್ಲಿಗೆ ಕೈಯಿಟ್ಟು ನಿಂತಿದ್ದಾನೆ,
ಇಸ್ತ್ರಿಯ ಬಿಳಿ ಅಂಗಿ, ಅತ್ತರು ಹಾಕಿಕೊಂಡವನ ನಿಲುವು.
"ಲಗ್ನದ ದಿನಾನ ತೆಗಸೀನ್ರಿ. ಅದ ಹೊತ್ತಿಗೆ."

ಎಳೆದು ಬಿಟ್ಟೆ. ಯಂತ್ರ ಒಪ್ಪಲಿಲ್ಲ.
ಓದಲು ಮಾತ್ರ, ಎಂದಿತು. ಬರೆಯುವಂತಿಲ್ಲ.

"ಯಾಕಂತ್ರಿ?"
ಊರಲ್ಲಿ ಯಾರೋ ಇದನ್ನು ಹೇಳದೆ ಕೇಳದೆ
ಕಿತ್ತಿದ್ದಾರೆ, ಅದಿನ್ನೂ ಬರೆಯುತ್ತಿರುವಾಗಲೇ.
"ಮತ್ತ? ಬಸ್ಸು ಹಾರ್ನ್ ಹೊಡೀತಿತ್ತಂತ."
ಹಾಗೆ ಕಿತ್ತದ್ದನ್ನು ಇದು ಮರೆಯುವುದಿಲ್ಲ.
ಒಳಗಿರುವುದನ್ನೆಲ್ಲ ತೋರಿಸುತ್ತದೆ,
ಒಂದಕ್ಷರ ಸೇರಿಸಲು ಬಿಡುವುದಿಲ್ಲ.

ಇಮಾಮಸಾಬ ಬಹಳ ಹೊತ್ತು ಪರದೆ ನೋಡಿದ.
"ನಂದೂ ಹಂಗ ಐತ್ರಿ," ಅಂದ.
"ದಿನಾ ವಿಡಿಯೋದಾಗ ಎಲ್ಲಾ ಕಾಣ್ತದ."

ಕಪ್ಪು ಕಿಟಕಿ ತೆರೆದೆ. ಮೊದಲು ಇಳಿಸಬೇಕು,
ಆ ಹಳೆಯ ಮುನಿಸಿನ ಗುರುತು ಒರೆಸಬೇಕು,
ಮತ್ತೆ ಏರಿಸಬೇಕು. ಗುಪ್ತಪದ ಕೇಳಿತು; ಕೊಟ್ಟೆ.
ನಾನು ಹೂಂ ಅಂದರೆ ನಡೆಯುವುದು ಇದೊಂದು ಪೆಟ್ಟಿಗೆಯಲ್ಲಿ;
ನನ್ನ ಪಾಸ್‌ಪೋರ್ಟು ಹಿಲಾಲನ ಕಪಾಟಿನಲ್ಲಿದೆ.

"ಹೋತೇನ್ರಿ?"
"ಹೋಯ್ತ್ ಮಾರಾಯ. ಹೆಸರು ಎಂತ ಇಡೂದ್? ಇಮಾಮಸಾಬ ಅಂತ?"
"ಬ್ಯಾಡ್ರಿ. ಎಲ್ಲಾರಿಗೂ ನಂಬರ ಅದಾವಲ್ಲ,
ನಾನೂರಾ ಹದಿಮೂರು ಅನ್ರಿ.
ಸಾಲಿನಾಗ ನಿಂದರ್ಲಿ."

ಸುರಕ್ಷಿತವಾಗಿ ತೆಗೆ, ಒತ್ತಿದೆ.
ಸಾಧನ ಬಳಕೆಯಲ್ಲಿದೆ.
ಇನ್ನೊಮ್ಮೆ ಒತ್ತಿದೆ. ಬಳಕೆಯಲ್ಲಿದೆ.
ಯಾವ ಕಿಟಕಿ ಮುಚ್ಚಲು ಮರೆತೆನೆಂದು ನೋಡಿದರೆ
ಮೂಲೆಯಲ್ಲಿ ಇನ್ನೂ ತೆರೆದೇ ಇತ್ತು ಆ ಬೆಕ್ಕು,
ಅದರ ಹಿಂದೆ, ತಟ್ಟೆಗಳನ್ನು ಎತ್ತುತ್ತ,
ಕ್ಯಾಮೆರಾಕ್ಕೆ ಅರ್ಧ ಮುಖವಷ್ಟೇ ಸಿಕ್ಕ ಒಬ್ಬಳು.

ಬಳಸುತ್ತಿದ್ದವನು ನನ್ನ ಹೆಗಲ ಹಿಂದೆ ನಿಂತಿದ್ದ.
ಅರ್ಜೆಂಟ್ ಎಂತ ಇಲ್ಲ, ಎಂದೆ.
ಹೊರಗೆ ಬಾಂಗ್ಲಾದ ಪ್ಲಂಬರು ಗಾಜು ತಟ್ಟುತ್ತಿದ್ದ,
ಬೆರಳ ಸಂದಿಯಲ್ಲಿ ಹಿಡಿದು ತೋರಿಸುತ್ತಿದ್ದ
ಮುಚ್ಚಳ ಕಳೆದ ಇನ್ನೊಂದನ್ನು.