ಆರಿಸು

ಟ್ಯೂಬ್‌ಲೈಟಿನ ಚೋಕು ಹಳತಾದರೆ
ಒಂದು ಸದ್ದು ಬರುತ್ತದೆ. ದುಂಬಿಯಂಥದ್ದಲ್ಲ,
ಹಲ್ಲಿನ ಬೇರಲ್ಲಿ ಕೂತು ಕೊರೆಯುವಂಥದ್ದು.
ಹತ್ತೊಂಬತ್ತು ವರ್ಷ ವೈರು ಎಳೆದ ನನಗೆ ಕೇಳುತ್ತದೆ.
ಐದು ತುಂಬಿದ ಇಂಚರಳಿಗೆ ಕೇಳುತ್ತದೆ.
ಉಳಿದವರಿಗೆ ಅದು ಬರೀ ಬೆಳಕು.

ಅದಕ್ಕೇ ಶಾಲೆ ನೋಡಲು ಹೋದರೆ
ನಾನು ಮೊದಲು ಸೂರು ನೋಡುತ್ತೇನೆ.
ರಿಸಲ್ಟು, ಶೌಚಾಲಯ, ಗೇಟಿನ ಬೀಗ
ಗುರುಬಾಯಿ ನೋಡಿಕೊಳ್ಳುತ್ತಾಳೆ.

ಸಾಯನ್ನಿನ ಶಾಲೆಗೆ ಗಾಜಿನ ಬಾಗಿಲು,
ಸೋಫಾದ ಪಕ್ಕ ಮೀನಿನ ತೊಟ್ಟಿ.
ಇಂಚರ ಗಾಜಿಗೆ ಕೆನ್ನೆ ಹಚ್ಚಿ ನಿಂತಳು.
ಪಂಪಿನ ಗುಳುಗುಳು ಹಿಡಿಸಿತ್ತು.
ನಾನು ಫೀಜನ್ನು ಗೀಸರಿನ ಲೆಕ್ಕದಲ್ಲಿ ಎಣಿಸುತ್ತಿದ್ದೆ,
ವರ್ಷಕ್ಕೆ ಎಷ್ಟು ಕೂರಿಸಬೇಕು ಅಂತ.
ಮೇಡಂ ಅವಳ ಹೆಸರು ಹಿಡಿದು ಕರೆದರು. ಇನ್ನೊಮ್ಮೆ ಕರೆದರು.
ಆಮೇಲೆ ನಮ್ಮ ಕಡೆ ತಿರುಗಿ, ಬಹಳ ನಯವಾಗಿ,
ಸೀಟು ತುಂಬಿದೆ ಎಂದರು.
ಫಾರ್ಮಿಗೆ ದುಡ್ಡು ಕೊಟ್ಟಾಗ ತುಂಬಿರಲಿಲ್ಲ.

ಇಂಚರ ಅಂದರೇನು, ಇಂಚಿನ ಟೇಪೇ?
ಎರಡನೆಯ ಶಾಲೆಯ ಗುಮಾಸ್ತ ನಕ್ಕ.
ಹಕ್ಕಿಯ ಉಲಿ ಎಂದೆ. ನಮ್ಮಕ್ಕ ಇಟ್ಟ ಹೆಸರು.
ಮಾತು ಬರುತ್ತದೆಯೇ ಎಂದ.
ಮೂರು ಬರುತ್ತವೆ: ನೀರು. ಬ್ಯಾಡ. ಆರಿಸು.
ನಾಲ್ಕನೆಯದೂ ಒಂದಿದೆ, ಯಾವ ಭಾಷೆಯದೋ
ನಮಗಿನ್ನೂ ತಿಳಿದಿಲ್ಲ.

ಒಂದೇ ಭಾಷೆ ಇಟ್ಟುಕೊಳ್ಳಿ ಎಂದಿದ್ದರು ಒಬ್ಬ ಡಾಕ್ಟರು,
ಹಾಗೇನಿಲ್ಲ ಎಂದರು ಇನ್ನೊಬ್ಬರು.
ಇಬ್ಬರೂ ಹೇಳಿದ್ದು ಇಂಗ್ಲಿಷಿನಲ್ಲಿ.

ಅಂಧೇರಿಯ ಶಾಲೆ ಇಂಥ ಮಕ್ಕಳದ್ದೇ. ಒಳ್ಳೆಯದು.
ನೆಲಕ್ಕೆ ಚಾಪೆ, ಕಿವಿಗೆ ಮುಚ್ಚಳ, ಮೆತ್ತಗಿನ ದನಿಗಳು.
ಆದರೆ ಅಂಟಾಪ್ ಹಿಲ್ಲಿನಿಂದ ಅಲ್ಲಿಗೆ ದಾದರ್ ದಾಟಬೇಕು.
ಸೇತುವೆಯ ನಡುಮಧ್ಯ ಅವಳು ಮಲಗಿಬಿಟ್ಟಳು,
ಕಿವಿ ಮುಚ್ಚಿ, ಕಲ್ಲಿನಂತೆ.
ಜನ ಎರಡಾಗಿ ಸೀಳಿ ಹರಿದರು, ಮುಂದೆ ಹೋಗಿ ಕೂಡಿಕೊಂಡರು.
ಯಾರೂ ತುಳಿಯಲಿಲ್ಲ. ಅದನ್ನು ಹೇಳಲೇಬೇಕು.
ಒಬ್ಬಾಕೆ ತನ್ನ ಮೀನಿನ ಬುಟ್ಟಿ ಇಳಿಸಿ
ನಮ್ಮ ಮುಂದೆ ಗೋಡೆಯ ಹಾಗೆ ನಿಂತಿದ್ದಳು,
ನಾವು ಏಳುವ ತನಕ.

ಕೊನೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆ. ಮೂರನೇ ಮಹಡಿ.
ಕೆಳಗೆ ಎರಡು ಮಹಡಿ ಹಿಂದಿ, ಮರಾಠಿ, ಗದ್ದಲವೋ ಗದ್ದಲ.
ಮೇಲೆ ಒಂದೇ ಕೋಣೆ, ನಾಲ್ಕು ತರಗತಿ, ಒಂಬತ್ತು ಮಕ್ಕಳು,
ಜಲಜಾಕ್ಷಿ ಟೀಚರು. ಅವರಿಗೆ ಎರಡು ವರ್ಷ ಸರ್ವಿಸು ಉಳಿದಿದೆ,
ಶಾಲೆಗೆ ಎಷ್ಟೋ ಅವರಿಗೂ ಗೊತ್ತಿಲ್ಲ.
‘ಒಂಬತ್ತು ಮಂದಿ ಇರೋದು ಶಾಲ್ಯಾ?’
ಗುರುಬಾಯಿ ಮೆಟ್ಟಿಲ ಮೇಲೇ ಅಂದಿದ್ದಳು.

ಸೂರು ನೋಡಿದೆ. ಎರಡು ಟ್ಯೂಬು. ಒಂದು ಸತ್ತಿತ್ತು.
ಇನ್ನೊಂದರ ಚೋಕು ಆ ಸದ್ದು ಮಾಡುತ್ತಿತ್ತು.
ಬಾಗಿಲಲ್ಲೇ ಇಂಚರ ಅಂದಳು: ಆರಿಸು.
ಟೀಚರು ಬರೆಯುತ್ತಿದ್ದ ಸುಣ್ಣದ ಕಡ್ಡಿ ಕೆಳಗಿಟ್ಟರು,
ಹೋಗಿ ಆರಿಸಿದರು.
ಯಾಕೆ ಅನ್ನಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ.
ಕಿಟಕಿಯ ಬೆಳಕಲ್ಲಿ ಒಂಬತ್ತು ಮಕ್ಕಳು ಬರೆಯುತ್ತಲೇ ಇದ್ದರು.

ಒಂದು ಭಾಷೆಯ ಮಕ್ಕಳು ಕಡಿಮೆಯಾದದ್ದಕ್ಕೆ
ನನ್ನ ಮಗಳಿಗೆ ಈ ಮೌನ ಸಿಕ್ಕಿತು.
ಖುಷಿಪಟ್ಟೆ. ಪಟ್ಟದ್ದಕ್ಕೆ ನಾಚಿದೆ.
ಮೆಟ್ಟಿಲು ಇಳಿಯುವಾಗ ಎರಡೂ ಜೊತೆಗಿದ್ದವು.

ಭಾನುವಾರ ಏಣಿ ಹೊತ್ತುಕೊಂಡು ಹೋದೆ.
ಹೊಸ ಪಟ್ಟಿ ಎರಡು, ಅಂಗಡಿಯಲ್ಲಿ
ಒಂದೊಂದನ್ನೂ ಕಿವಿಗೆ ಹಿಡಿದು ಆರಿಸಿದ್ದು.
ಟೀಚರಿಗೆ ಹೇಳಿ
ಸ್ವಿಚ್ಚನ್ನು ಎರಡಡಿ ಕೆಳಗಿಳಿಸಿದೆ.
ಗೋಡೆಯ ಹಳೆಯ ತೂತಿಗೆ ಹಚ್ಚಲು ಸಿಮೆಂಟು ತಂದಿರಲಿಲ್ಲ.
ಹಾಗೇ ಇದೆ.