ಐದೈದರ ಲೆಕ್ಕ

ನೀಲಿ ತಟ್ಟೆ, ಚಪ್ಪಟೆ ಸಟ್ಟುಗ,
ಐದು, ಹತ್ತು, ಹದಿನೈದು,
ಇಪ್ಪತ್ತೆರಡು ವರ್ಷ ಎಣಿಸಿದ್ದು ಇದನ್ನೇ.
ಬ್ಯೂಟ್ ಊರಿನ ರಕ್ತದೊತ್ತಡವೆಲ್ಲ
ನನ್ನ ಸಟ್ಟುಗದ ಅಂಚಿನಿಂದ ಜಾರಿ ಸೀಸೆಗೆ ಬಿದ್ದಿದೆ.
ಯಾರಿಗೆ ನಿದ್ದೆ ಹತ್ತುವುದಿಲ್ಲ,
ಯಾರು ಮತ್ತೆ ಕುಡಿತಕ್ಕೆ ಬಿದ್ದರು,
ಯಾರ ಮಗಳು ಬಸುರಿ,
ಎಲ್ಲ ಗೊತ್ತು. ಹೇಳುವಂತಿಲ್ಲ.
ಹೇಳುವಂತಿಲ್ಲ ಅನ್ನುವುದೇ ಈ ಕೆಲಸದ ಅರ್ಧ.

ಕೌಂಟರಿನ ಮೇಲೊಂದು ಕಾಣದ ಗೆರೆ.
"ಇದು ಊಟಕ್ಕೆ ಮೊದಲೋ ಆಮೇಲೋ, ಮಿಲ್ಕಾ?"
ಗೊತ್ತಿದ್ದೂ ತಿರುಗಿ ಕೂಗುತ್ತೇನೆ:
"ಡಾಕ್ಟರ್ ಟೆವಿಸ್, ಇಲ್ಲೊಂದು ಪ್ರಶ್ನೆ!"
ಬರುತ್ತಾನೆ ಫಾರ್ಮಸಿಸ್ಟ್ ಹುಡುಗ,
ನನ್ನ ಮಗನಿಗಿಂತ ಎರಡು ವರ್ಷ ಚಿಕ್ಕವನು,
ನನ್ನ ನಾಲಿಗೆಯ ತುದಿಯಲ್ಲಿದ್ದುದನ್ನೇ ಹೇಳಿ ಹೋಗುತ್ತಾನೆ.
ಬೇಸರವಿಲ್ಲ.
ಇತ್ತು. ಸವೆದಿದೆ.

ಏಪ್ರಿಲಿನಲ್ಲಿ ಹೊಸ ಮದ್ದಿನ ಸುದ್ದಿ.
ಹೆಸರಿನಲ್ಲಿ ಎರಡು ಝಡ್, ಒಂದು ಎಕ್ಸ್.
ಹೆಸರಿಟ್ಟವರು ಒಮ್ಮೆಯಾದರೂ
ಕೂಗಿ ಕರೆದು ನೋಡಿರಲಿಕ್ಕಿಲ್ಲ.
ಕಲ್ಲಿನ ಧೂಳು ಕುಡಿದು ಗಟ್ಟಿಯಾದ ಎದೆಗಂತೆ.
ಗುಣ ಮಾಡುವುದಿಲ್ಲ, ನಿಧಾನ ಮಾಡುತ್ತದೆ.
ನಿಧಾನ ಅಂದರೆ ಎಷ್ಟು?
ಸಣ್ಣಕ್ಷರಗಳನ್ನು ಮೂರು ಸಲ ಓದಿದೆ.
ಶೇಕಡಾದಲ್ಲಿ ಕೊಟ್ಟಿದ್ದಾರೆ,
ದಿನಗಳಲ್ಲಿ ಇಲ್ಲ.

ಹದಿನೆಂಟಕ್ಕೆ ತಾಮ್ರದ ಗಣಿಗಿಳಿದ
ಕಾರ್ನೀ ಹ್ಯಾರಿಂಗ್ಟನ್ ಗಾಜಿನ ಬಾಗಿಲು ತಳ್ಳಿ
ಅಲ್ಲೇ ನಿಂತು ಸುಧಾರಿಸಿಕೊಂಡು
ಕೇಳಿದ: "ಬಂತಾ?"
ಮದ್ದು ಬಂದಿತ್ತು. ದುಡ್ಡು ಬಂದಿರಲಿಲ್ಲ.
ಸರ್ಕಾರ ಒಪ್ಪಿದ್ದು ಏಪ್ರಿಲಿನಲ್ಲಿ,
ವಿಮೆಯವರು ಒಪ್ಪಿದ್ದು ನವೆಂಬರಿನಲ್ಲಿ,
ನಡುವಿನ ಏಳು ತಿಂಗಳು ನನ್ನ ಎಡಗಿವಿಯಲ್ಲಿವೆ:
ಪಿಟೀಲು, ಪಿಟೀಲು,
ತಮ್ಮ ಕರೆ ನಮಗೆ ಅಮೂಲ್ಯ, ಪಿಟೀಲು.
ಫ್ಯಾಕ್ಸ್ ಸಿಗಲಿಲ್ಲ ಅಂದರು, ಮತ್ತೆ ಕಳಿಸಿದೆ.
ಸಿಕ್ಕಿತು, ಮೂರನೇ ಪುಟ ಇಲ್ಲ ಅಂದರು.
ಮೂರನೇ ಪುಟ ಖಾಲಿ ಪುಟ, ಅದನ್ನೂ ಕಳಿಸಿದೆ.
ಒಂದು ಮಧ್ಯಾಹ್ನ ಯಾವ ಊರಿನವಳೋ ಒಬ್ಬಳು
ಕೆಮ್ಮುತ್ತ ಕೀಲಿಮಣೆ ಕುಟ್ಟಿ
"ಆಯಿತು ನೋಡಿ" ಅಂದಳು.
ಹೇಗಾಯಿತು ಅಂತ ಕೇಳಲಿಲ್ಲ.
ಬಾಗಿಲು ತೆರೆದ ಮೇಲೆ ಬೀಗದ ಸುದ್ದಿ ಎತ್ತಬಾರದು.

ಆ ಚಳಿಗಾಲವೇ ನನಗೂ ಒಂದು ಕಾಗದ ಬಂತು.
ಸ್ಪಂಜಿನ ತೋಳಿಗೆ ನಲವತ್ತು ಸಲ ಚುಚ್ಚಿ ಕಲಿತದ್ದಕ್ಕೆ
ಇನ್ನು ಮನುಷ್ಯರಿಗೆ ಚುಚ್ಚಬಹುದು.
ಗೆರೆ ಒಂದು ಬೆರಳಿನಷ್ಟು ಸರಿಯಿತು,
ಸಂಬಳ ಗಂಟೆಗೆ ಎಪ್ಪತ್ತು ಸೆಂಟು.

ಪರದೆಯ ಹಿಂದಿನ ಕುರ್ಚಿಯಲ್ಲಿ ಕಾರ್ನೀ,
ಫ್ಲೂ ಲಸಿಕೆಗೆ ತೋಳು ಮಡಚುತ್ತ:
"ಎಣಿಸುತ್ತಿದ್ದವಳು ಈಗ ಚುಚ್ಚುತ್ತೀಯ?"
ಹೊರಗೆ ಮೈನಸ್ ಇಪ್ಪತ್ತು. ಒಳಂಗಿಯ ಮೇಲೆ ಒಳಂಗಿ,
ನಾಲ್ಕು ತೋಳುಗಳಾದ ಮೇಲೆ ಬಂತು ತೋಳು:
ಬಿಳಿ, ತೆಳು, ಮಾಸಿದ ಹಚ್ಚೆಯಲ್ಲಿ ಯಾರದೋ ಹೆಸರು,
ಮೊದಲಕ್ಷರ ಮಾತ್ರ ಉಳಿದಿತ್ತು.
ಇಪ್ಪತ್ತೆರಡು ವರ್ಷ
ಈ ದೇಹಕ್ಕೆ ಹೋಗಿದ್ದನ್ನೆಲ್ಲ ಎಣಿಸಿದವಳು ನಾನು.
ಮುಟ್ಟಿದ್ದು ಇದೇ ಮೊದಲು.
ಬೆಚ್ಚಗಿತ್ತು. ಯಾಕೋ
ತಣ್ಣಗಿರುತ್ತದೆ ಅಂದುಕೊಂಡಿದ್ದೆ.

ಚುಚ್ಚಿದ ಮೇಲೆ ಹದಿನೈದು ನಿಮಿಷ ಕೂರಿಸಬೇಕು, ನಿಯಮ.
ಕೂತ. ಅಂಗಿಗಳನ್ನು ಒಂದೊಂದಾಗಿ ಇಳಿಸುತ್ತ
ನೆಲ ನೋಡಿಕೊಂಡು ಕೇಳಿದ:
"ಆ ಹೊಸದು ಕೆಲಸ ಮಾಡುತ್ತಿದೆಯಾ, ಮಿಲ್ಕಾ?"
ತಿರುಗಿ ಕೂಗಬೇಕಿತ್ತು.
ಅಲ್ಲೇ ಸ್ಟೂಲು ಎಳೆದು ಕೂತೆ.
ಅವನ ಎದೆ ಏರಿತು, ಇಳಿಯಿತು.
ಐದು. ಹತ್ತು.
ಬೇಕೆಂದು ಎಣಿಸಿದ್ದಲ್ಲ, ಅಭ್ಯಾಸ.
ಹದಿನೈದರ ಹತ್ತಿರ ತಪ್ಪಿಹೋಯಿತು,
ಕಾರು ಕಿಟಕಿಯ ಗಂಟೆ ಬಡಿಯತೊಡಗಿತ್ತು,
ಶುಕ್ರವಾರ, ಸಾಲು ಬೀದಿಯವರೆಗೆ.