ಚಿತ್ರದ ಬೆನ್ನು

ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ,
ಉಳಿದ ಹೊತ್ತು ಕಾದಂಬರಿಕಾರ,
ಅದರಲ್ಲೂ ಉಳಿಸಿದ ಹೊತ್ತು ಹಿರೇಕಲ್ಲು ಗುಡ್ಡದ ಬುಡದಲ್ಲಿ
ಹೊಟ್ಟೆಯಡಿ ಗೋಣಿಚೀಲ ಹಾಸಿ ಮಲಗಿರುತ್ತಿದ್ದ ಮನುಷ್ಯ.
ನಮ್ಮ ಪ್ರಭಾ ಸ್ಟುಡಿಯೋಗೆ ರೋಲು ತಂದಾಗಲೆಲ್ಲ
ಓಂಕಾರಯ್ಯನವರ ಪಂಚೆಗೆ ಹಂಚಿಹುಲ್ಲಿನ ಮುಳ್ಳು,
ಮೊಣಕೈ ತರಚಿ ರಕ್ತ.

ಅಪ್ಪ ಮದುವೆಮನೆಗೆ ಹೋದರೆ ಕತ್ತಲೆಕೋಣೆ ನನ್ನದು.
ಆಗ ಹದಿನಾಲ್ಕು ನನಗೆ; ಉಗುರೆಲ್ಲ ಮದ್ದಿನ ಕಂದು.
ಕೆಂಪು ಬಲ್ಬಿನಡಿ ತಟ್ಟೆ ತೂಗಿಸುತ್ತ ಕಾಯುತ್ತಿದ್ದೆ.
ಒಂದು ಸಲ ಎದ್ದು ಬಂದದ್ದು ಬರೀ ಕಲ್ಲು.
'ಏನೂ ಬಂದಿಲ್ಲ ಸಾರ್' ಅಂದೆ.
'ನೋಡು' ಅಂದರು.
ನೋಡಿದೆ. ಕಲ್ಲು.
'ಇನ್ನೊಂಚೂರು ನೋಡು.'
ಆಚೆ ಗೂಡ್ಸ್ ಗಾಡಿ ಪೂರ್ತಿ ದಾಟಿ ಹೋದಮೇಲೆ
ನಾಲ್ಕು ಕಲ್ಲು ಟಿಟ್ಟಿಭದ ಮೊಟ್ಟೆಗಳಾದವು.
ಹನ್ನೊಂದು ದಿನ ಕಾದಿದ್ದರಂತೆ ಅಷ್ಟಕ್ಕೆ.

ಸರ್ವಮಂಗಳಮ್ಮ ಒಮ್ಮೆ ಸ್ಟುಡಿಯೋಗೇ ಬಂದು
ತಂತಿಗೆ ಒಣಹಾಕಿದ ಹಕ್ಕಿಗಳನ್ನು ಎಣಿಸಿದರು:
'ಇದು ತೊಗರಿಬೇಳೆ. ಇದು ಸೀಮೆಎಣ್ಣೆ.
ಇದೇನು, ತಲೆಯೇ ಬಂದಿಲ್ಲ, ಇದು ಹಾಲಿನವಳ ಬಾಕಿ.'
ಹೋಗುವಾಗ ಗೌಜಲಹಕ್ಕಿಯದೊಂದನ್ನು
ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ಕೆಟ್ಟ ಚಿತ್ರಗಳನ್ನು ಅವರು ಎಸೆಯುತ್ತಿರಲಿಲ್ಲ.
ಬೆನ್ನ ಮೇಲೆ ಬರೆಯುತ್ತಿದ್ದರು,
ಪಾರ್ಸೆಲ್ಲಿಗೆ ನಂಬರು ಹಾಕುವ ದಪ್ಪ ಪೆನ್ಸಿಲಿನಲ್ಲಿ.
ಹಾಗಾಗಿ ಒಂಬತ್ತನೆಯ ಅಧ್ಯಾಯ ಮಗುಚಿದರೆ
ಅಲುಗಾಡಿದ ಮೊಲ.
ಗೇಟ್‌ಮನ್ ಬೋರಲಿಂಗ ಸಾಯುವ ಪುಟದ ಹಿಂದೆ
ಹಕ್ಕಿ ಆಗತಾನೇ ಬಿಟ್ಟುಹೋದ ಕೊಂಬೆ.
ಅಚ್ಚಾದ ಪುಸ್ತಕ ಓದಿದಾಗ ಏನೋ ಕಡಿಮೆ ಅನ್ನಿಸಿತು ನನಗೆ.
ಸಾವಿನ ಹಿಂದೆ ಮುಂದಿನ ಪುಟವಷ್ಟೇ ಇತ್ತು.

ಇನ್ನು ಕರಡಿಯ ವಿಷಯ.
ಯಾರಿಗೂ ಹೇಳಿಲ್ಲ ಇದನ್ನು.

ಮೂರು ಬೇಸಿಗೆ ಕಾದಮೇಲೆ ನಾಗಪುರಿ ಕಡೆಯ ಬಂಡೆಸಂದಿನಲ್ಲಿ
ಬೆನ್ನಿಗೆ ಮರಿ ಹೊತ್ತ ತಾಯಿಕರಡಿ ಸಿಕ್ಕಿತ್ತು ಅವರಿಗೆ.
ಹನ್ನೆರಡು ಚಿತ್ರ. 'ಹುಷಾರು ಕಣವ್ವ' ಅಂತ
ಎರಡೂ ಕೈಯಲ್ಲಿ ಕೊಟ್ಟು ಡ್ಯೂಟಿಗೆ ಹೋದರು.
ಫಿಲ್ಮು ತೊಳೆಯುವಾಗ ಕೆಂಪು ಬಲ್ಬೂ ಉರಿಯಬಾರದು.
ಕಗ್ಗತ್ತಲಲ್ಲಿ ನಿಂತಿದ್ದೆ. ಬೀದಿಯಲ್ಲಿ ಡಮರು,
ಹುಡುಗರ ಕೂಗು: ಕರಡಿ ಬಂತು, ಕರಡಿ ಬಂತು!
ಬಾಗಿಲು ತೆಗೆದೆ.

ಮೂಗುದಾರದ ಕರಡಿ ಎರಡು ಕಾಲ ಮೇಲೆ ನಿಂತು
ಸೋಡಾ ಅಂಗಡಿಗೆ ಸಲಾಮು ಹಾಕುತ್ತಿತ್ತು.
ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೂ ಹನ್ನೆರಡು ಪ್ರಿಂಟು ಹಾಕಿದೆ,
ಯಾವುದಾದರೊಂದರಲ್ಲಿ ಒಂದು ಕಿವಿಯಾದರೂ ಉಳಿದೀತೆಂದು.
ಬಿಳಿ. ಬಿಳಿ. ಮತ್ತೂ ಬಿಳಿ.
'ಕ್ಯಾಮೆರಾದಲ್ಲೇ ಬೆಳಕು ಸೋರಿರಬೇಕು' ಅಂದೆ.
ಓಂಕಾರಯ್ಯ ಒಂದೊಂದನ್ನೂ ತಿರುಗಿಸಿ ನೋಡಿದರು,
ಬಹಳ ಹೊತ್ತು, ಮೊಟ್ಟೆ ಹುಡುಕುವ ಹಾಗೆ.
'ಒಳ್ಳೇದಾಯ್ತು ಬಿಡು,
ಎರಡೂ ಕಡೆ ಬರೀಬಹುದು.'

ಅವರು ತೀರಿಕೊಂಡ ವರ್ಷ ಸರ್ವಮಂಗಳಮ್ಮ
ಆ ಹನ್ನೆರಡನ್ನೂ ಹಳೇ ಟವಲಿನಲ್ಲಿ ಸುತ್ತಿ ತಂದುಕೊಟ್ಟರು.
'ಇದನ್ನ ಅಚ್ಚಿಗೆ ಕಳಿಸಲೇ ಇಲ್ಲ. ನಿನ್ನದಂತೆ.'
ನುಣುಪು ಬದಿಗೆ ಪೆನ್ಸಿಲು ಹಿಡಿಯದೆ ಮಸಿಯಲ್ಲಿ ಬರೆದಿದ್ದಾರೆ.
ಬಂಡೆಸಂದು ಇದೆ, ಮರಿ ಇದೆ, ಅದರ ಎದೆಯ ಬಿಳಿ ಗೆರೆ,
ಗೆದ್ದಲು ಹೀರುವ ಸದ್ದು ಕೂಡ.
ಹನ್ನೊಂದನೆಯ ಹಾಳೆಯಲ್ಲಿ ಊರು ಬರುತ್ತದೆ,
ಡಮರು, ಸೋಡಾ ಅಂಗಡಿ,
ಬಾಗಿಲು ಅರ್ಧ ತೆರೆದು ನಗುವ ಒಬ್ಬ ಹುಡುಗಿ.
ಅವಳ ಉಗುರು ಕಂದು.

ಹನ್ನೆರಡನೆಯದು ಎರಡೂ ಕಡೆ ಖಾಲಿ.
ಮೂಲೆಯಲ್ಲಿ ಮಾತ್ರ, ದಪ್ಪ ಪೆನ್ಸಿಲಿನಲ್ಲಿ,
ಪಾರ್ಸೆಲ್ಲಿನ ಮೇಲೆ ಬರೆಯುವ ಹಾಗೆ:
ಒಡೆಯುವ ಸಾಮಾನು. ಹುಷಾರು.